ಖಾಲಿ ಓಡುವ ಗಾಡಿ

ಅರವತ್ತೇಳನೇ ಇಸವಿಯಲ್ಲಿ ಹೊಸನಗರದ ಸೀತಾರಾಮಪ್ಪ, ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದು ನಿವೃತ್ತರಾದವರು, ಸಾಗರದ ನನ್ನ ಗ್ಯಾರೇಜಿಗೆ ಒಂದು ಹಳೇ ಜೀಪು ಎಳೆಸಿಕೊಂಡು ಬಂದರು. ಹಿಂದುಗಡೆ ತೊಟ್ಟಿ ಕೂರಿಸಿ ಪಿಕಪ್ ಮಾಡಿಕೊಡಿ ಎಂದರು.

“ಏನು ಹೇರ್ತೀರಿ?” ಎಂದೆ.

“ಏನೂ ಇಲ್ಲ ಜಿನದತ್ತಯ್ಯ. ರಾಜಸ್ಥಾನದ ಮರಳಲ್ಲಿ ನಮ್ಮ ಮಿಲಿಟರಿಯವರ ಪಿಕಪ್ ರೇಸ್ ಇದೆ. ಖಾಲಿ ಓಡಿಸ್ತೀನಿ. ಸ್ಪ್ರಿಂಗಿಗೆ ನಾಲ್ಕೇ ಪ್ಲೇಟ್ ಹಾಕಿ, ಮೆತ್ತಗಿರ್ಲಿ.”

ಹೇರಲು ಏನೂ ಇಲ್ಲದವನು ತೊಟ್ಟಿ ಯಾಕೆ ಕಟ್ಟಿಸುತ್ತಾನೆ? ಸಾಲದ್ದಕ್ಕೆ ಎರಡು ಪೆಟ್ರೋಲ್ ಟ್ಯಾಂಕ್ ಬೇರೆ ಬೇಕಂತೆ. ನಮ್ಮ ಕಾಡುದಾರಿಯಲ್ಲಿ ಇಂಥ ಗಾಡಿಗೆ ಹೇರುವುದು ಒಂದನ್ನೇ, ಕದ್ದ ಗಂಧದ ಮರ. ನನ್ನ ಕಿವಿ ಮೇಲೆ ಹೂ ಇಡಲು ಬಂದಿದ್ದಾರೆ ಅಂದುಕೊಂಡೆ. ಆದರೆ ಕಳ್ಳಮಾಲೇ ಇರಲಿ, ನಾನು ಕಟ್ಟಿದ ಗಾಡಿ ಭಾರಕ್ಕೆ ಕುಸಿದು ತೀರ್ಥಹಳ್ಳಿ ರಸ್ತೆಯಲ್ಲಿ ಕೂತರೆ ಹೋಗುವುದು ನನ್ನ ಮರ್ಯಾದೆ. ಹೇಳದೆ ಕೇಳದೆ ಎಂಟು ಪ್ಲೇಟ್ ಬಿಗಿದೆ. ಗಾಡಿ ಗಡುಸಾಗಿದೆಯಲ್ಲ ಎಂದು ಅವರು ಕೇಳಿದಾಗ, ಓಡಿದ ಹಾಗೆಲ್ಲ ಮೆತ್ತಗಾಗುತ್ತದೆ ಎಂದು ಸಾಗಹಾಕಿದೆ.

ಎರಡು ತಿಂಗಳ ಮೇಲೆ ಗಾಡಿ ಲಾರಿಯ ಮೇಲೆ ವಾಪಸ್ ಬಂತು. ಜೊತೆಗೆ ಸೀತಾರಾಮಪ್ಪ, ಕೈಗೆ ಪಟ್ಟಿ ಕಟ್ಟಿಕೊಂಡು.

“ಮೊದಲ್ನೇ ದಿಬ್ಬಕ್ಕೇ ಎಗರಿ ಮಗುಚಿಬಿತ್ತು. ಸ್ಪ್ರಿಂಗ್ ಒಂಚೂರೂ ಬಗ್ಲಿಲ್ಲ. ಬಿಚ್ಚಿ ನೋಡಿದ್ರೆ ಎಂಟು ಪ್ಲೇಟು. ಯಾಕೆ ಹಾಕಿದ್ರಿ?”

ನಾನು ತೊಟ್ಟಿಯ ಮೂಲೆಗೆ ಕೈ ಹಾಕಿದೆ. ಹಿಡಿ ತುಂಬ ಮರಳು ಬಂತು. ಆದರೂ ಅದನ್ನು ಮೂಗಿನ ಹತ್ತಿರ ತಂದು ಒಮ್ಮೆ ಮೂಸಿ ನೋಡಿದೆ.