ಇಬ್ಬರ ಎಚ್ಚರ

ಒಂದು ಮಧ್ಯಾಹ್ನ ಬಸ್ ಡ್ರೈವರ್ ಕೊನೆಯ ಸ್ಟಾಪಿನಲ್ಲೂ ಬಸ್ಸು ನಿಲ್ಲಿಸಲಿಲ್ಲ. "ಇವತ್ತು ಯಾರೂ ಇಳಿಯೋ ಹಾಗಿಲ್ಲ, ಎಲ್ಲರಿಗೂ ಸಮುದ್ರ ತೋರಿಸಿಕೊಂಡು ಬರ್ತೀನಿ" ಎಂದು ಹಾಡಿಕೊಂಡು ಊರು ದಾಟಿಸಿದ. ಮೊದಲು ನಕ್ಕ ಪ್ರಯಾಣಿಕರು ಆಮೇಲೆ ಜೀವ ಕೈಯಲ್ಲಿ ಹಿಡಿದು ಕೂತರು. ಕಂಡಕ್ಟರ್ ಹೇಗೋ ಪುಸಲಾಯಿಸಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ. ಸಂಜೆಯ ಹೊತ್ತಿಗೆ ಡ್ರೈವರ್ ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿದ್ದ.

ಮನೆಯಲ್ಲಿ ಉಳಿದವರು ಅವನ ತಾಯಿ ಮತ್ತು ಹೆಂಡತಿ. ಹೆಂಡತಿ ಟೈಲರ್, ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಮಿಷನ್. ಆವತ್ತಿನಿಂದ ಅತ್ತೆ ಸೊಸೆಗೆ ಮಾತು ಬಿಟ್ಟುಹೋಯಿತು. ಮಗ ನಿದ್ದೆಗೆಟ್ಟು ಮನೆಯೆಲ್ಲ ಅಲೆಯುತ್ತಿದ್ದಾಗ ಸೊಸೆ ಮಿಷನ್ನಿಗೆ ಅಂಟಿಕೊಂಡು ಕೂತಿದ್ದಳೆಂದು ಅತ್ತೆಗೆ ಸಿಟ್ಟು. ಡಾಕ್ಟರ ಹತ್ತಿರ ಹೋಗೋಣ ಎಂದಾಗಲೆಲ್ಲ "ನನ್ನ ಮಗನಿಗೆ ಹುಚ್ಚನ ಪಟ್ಟ ಕಟ್ತೀಯಾ?" ಎಂದು ಅಡ್ಡ ನಿಂತವರು ಅತ್ತೆಯೇ ಎಂದು ಸೊಸೆಗೆ ಹೊಟ್ಟೆಯುರಿ. ಆಸ್ಪತ್ರೆಗೆ ಒಂದೇ ಬಸ್ಸಿನಲ್ಲಿ ಬಂದರೂ ಒಬ್ಬರು ಮುಂದೆ, ಒಬ್ಬರು ಹಿಂದೆ.

ವಾರ್ಡಿನ ನರ್ಸ್ ಬಾಗಿಲು ತುಂಬುವಂಥ ಆಳು, ಪೊದೆ ಮೀಸೆ ಬೇರೆ. ಎಲ್ಲರೂ ಅವನನ್ನು ಬ್ರದರ್ ಎನ್ನುತ್ತಿದ್ದರು. ರೋಗಿಗಳನ್ನು ಹೊಡೆಯುವುದಕ್ಕೇ ಇವನನ್ನು ಇಟ್ಟುಕೊಂಡಿದ್ದಾರೆಂದು ಅತ್ತೆಗೆ ಗುಮಾನಿ.

ಒಂದು ದಿನ ಅವನು ಇಬ್ಬರನ್ನೂ ಪಕ್ಕದ ಪುಟ್ಟ ಕೋಣೆಗೆ ಕರೆದು ಕೂರಿಸಿದ. ತಪ್ಪು ಯಾರದೆಂದು ಕೇಳುತ್ತಾನೆ ಎಂದುಕೊಂಡು ಟೈಲರ್ ದಾರಿಯುದ್ದಕ್ಕೂ ಕಾದಿಟ್ಟ ಮಾತುಗಳನ್ನೆಲ್ಲ ನಾಲಿಗೆಯ ತುದಿಗೆ ತಂದುಕೊಂಡಳು. ಅವನು ಕೇಳಿದ್ದೇ ಬೇರೆ.

"ಅಕ್ಕ, ನೀವು ಕಣ್ತುಂಬ ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

"ಯಾರು, ನಾನಾ?" ಎಂದಳು ಅವಳು. "ಅವರು ಎದ್ದು ಹೊರಗೆ ಹೋಗಿಬಿಟ್ರೆ ಅಂತ ಮುಂಬಾಗಿಲ ಹತ್ರಾನೇ ಇರ್ತಿದ್ದೆ. ಸುಮ್ಮನೆ ಕೂತ್ರೆ ತೂಕಡಿಕೆ ಬರುತ್ತೆ, ಅದಕ್ಕೇ ಹೊಲೀತಾ ಇದ್ದೆ."

ಅತ್ತೆ ಮುಖ ಎತ್ತಿ ನೋಡಿದರು. ಬ್ರದರ್ ಅವರ ಕಡೆ ತಿರುಗಿದ. "ಅಮ್ಮ, ನೀವು?"

"ಹಿತ್ತಿಲ ಬಾಗಿಲು ಯಾರು ಕಾಯೋದು? ಅಲ್ಲೇ ಗೋಡೆಗೆ ಒರಗಿರ್ತಿದ್ದೆ. ಇವಳ ಮಿಷನ್ ಸದ್ದು ಕೇಳಿ ಮೈಯೆಲ್ಲ ಉರೀತಿತ್ತು."

"ನೀವು ಮಲಗಿದ್ದೀರಿ ಅಂದ್ಕೊಂಡಿದ್ದೆ ಅತ್ತೆ."

"ಎಲ್ಲಿ ಮಲಗೋದು ಬಿಡು," ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಬ್ರದರ್ ಇಬ್ಬರಿಗೂ ನೀರು ಕೊಟ್ಟ. "ಇದು ನಿಮ್ಮಲ್ಲಿ ಯಾರೋ ತಂದಿಟ್ಟ ಕಾಯಿಲೆ ಅಲ್ಲ. ಇವತ್ತು ಅವರನ್ನ ನಾವು ನೋಡ್ಕೋತೀವಿ. ಇಬ್ಬರೂ ಹೋಗಿ ಮಲಗಿ."

"ಹೊಡೆಯಲ್ಲ ತಾನೇ?" ಅತ್ತೆಯ ಬಾಯಿಂದ ಜಾರಿಬಿಟ್ಟಿತು.

ಅವನಿಗೆ ಕೋಪ ಬರಲಿಲ್ಲ. "ನಿನ್ನೆ ಕೇರಂನಲ್ಲಿ ನನ್ನನ್ನೇ ಹೊಡೆದು ಮಲಗಿಸಿದ್ರು ನಿಮ್ಮ ಮಗ. ಬನ್ನಿ, ಅವರನ್ನೇ ಕೇಳಿ."

ವಾರ್ಡಿನಲ್ಲಿ ಮಗ ಹೌದೆಂದು ತಲೆಯಾಡಿಸಿದಾಗ ಅತ್ತೆ ನಕ್ಕರು. ಎಷ್ಟೋ ಕಾಲದ ಮೇಲೆ.

ಮನೆಗೆ ಕಳಿಸುವ ಮುಂಚೆ ಬ್ರದರ್ ಮೂವರನ್ನೂ ಜೊತೆಗೆ ಕೂರಿಸಿದ. ಮಾತ್ರೆ ನುಂಗಿದ್ದನ್ನು ಮನೆಯವರು ನೋಡಿಕೊಳ್ಳುವ ವಿಷಯ ಬಂದೊಡನೆ ಡ್ರೈವರ್ ಸಿಡುಕಿದ. "ಇನ್ನು ನನ್ನನ್ನ ಕಳ್ಳನ ಹಾಗೆ ಕಾಯ್ತೀರಾ?"

"ಹೇಗಿರಬೇಕು ಅಂತ ನೀವೇ ಹೇಳಿ," ಎಂದ ಬ್ರದರ್. "ಮತ್ತೆ ಹಾಗೇ ಶುರುವಾದ್ರೆ ಇವರು ಏನು ಮಾಡಬೇಕು?"

ಡ್ರೈವರ್ ತನ್ನ ಅಂಗೈ ನೋಡುತ್ತ ಹೇಳಿದ. "ನಾನು ನಿದ್ದೆ ಬಿಡ್ತೀನಲ್ಲ, ಆವಾಗಲೇ ಹೇಳಲಿ. ಅಮ್ಮ ಹೇಳಲಿ. ಇವಳು ಹೇಳಿದ್ರೆ ಜಗಳಕ್ಕೆ ಬೀಳ್ತೀನಿ." ಟೈಲರ್‌ಗೆ ಚುರುಕ್ಕೆಂದಿತು. ಆದರೂ ಅದು ನಿಜವೇ. "ಹಾಗಾದ್ರೆ ಆಸ್ಪತ್ರೆಗೆ ಫೋನ್ ನಾನು ಮಾಡ್ತೀನಿ," ಎಂದಳು.

"ಮತ್ತೆ ಬಸ್ಸು ಓಡಿಸ್ತೀನಾ ಬ್ರದರ್?"

"ಈಗಲೇ ಹೇಳೋಕಾಗಲ್ಲ. ಸುಳ್ಳು ಭರವಸೆ ಕೊಡಲ್ಲ."

ಕೆಲವು ತಿಂಗಳಾದ ಮೇಲೆ ಒಂದು ವಾರ ಅವನು ಬೆಳಕು ಹರಿಯುವ ಮುಂಚೆಯೇ ಎದ್ದು ಮನೆಯ ಪಾತ್ರೆಗಳನ್ನೆಲ್ಲ ತೊಳೆದು, ಮತ್ತೆ ತೊಳೆಯತೊಡಗಿದ. ಅತ್ತೆ ಪಕ್ಕಕ್ಕೆ ಹೋಗಿ ನಿಂತು, "ನಿದ್ದೆ ಬಿಟ್ಟಿದ್ದೀಯ ಮಗನೇ," ಎಂದರು. ಅವನು ಪಾತ್ರೆ ಎತ್ತಿ ಕುಕ್ಕಿದ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಟೈಲರ್ ಫೋನ್ ಮಾಡಿದಳು. ಸ್ವಲ್ಪ ಹೊತ್ತಿಗೆ ಅವನೇ ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಗೆ ಹೊರಡಲು ಹೊರಗೆ ಬಂದ. ಡಾಕ್ಟರ್ ಮಾತ್ರೆ ಬದಲಿಸಿದರು. ಈ ಸಲ ವಾರ್ಡಿಗೆ ಸೇರಿಸುವ ಪ್ರಮೇಯ ಬರಲಿಲ್ಲ.

ಈಗ ಅವನಿಗೆ ಡಿಪೋದಲ್ಲಿ ಟೈರ್ ಬದಲಿಸುವ ಕೆಲಸ. ಸ್ಟೇರಿಂಗ್ ಇನ್ನೂ ಕೈಗೆ ಬಂದಿಲ್ಲ. ಆ ಬೇಜಾರನ್ನು ಸಂಜೆ ಮನೆಗೆ ಬಂದು ತೋಡಿಕೊಳ್ಳುತ್ತಾನೆ. ಅತ್ತೆ ಸೊಸೆ ಪಕ್ಕಪಕ್ಕದಲ್ಲಿ ಕೂತು, ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳುತ್ತಾರೆ.