ಟಂಕಸಾಲೆಯ ಬಿರುಕು

ನಾಣ್ಯ ಕಪಾಟಿನಡಿಗೆ ಉರುಳಿ, ಗೋಡೆಗೆ ತಾಕಿ, ಸದ್ದಡಗಿದ ಮೇಲೂ ಸೊಸೆ ಒರೆಸುವ ಬಟ್ಟೆ ಹಿಡಿದು ನಿಂತೇ ಇದ್ದಳು. ಆಮೇಲೆ ನೆಲಕ್ಕೆ ಕೆನ್ನೆಯಾನಿಸಿ, ಪೊರಕೆಯ ಹಿಡಿಯಿಂದ ಅದನ್ನು ಎಳೆದುಕೊಂಡು ಬೆಳಕಿಗೆ ಹಿಡಿದಳು. ಅಂಚಿನಿಂದ ಹೊರಟ ಗೆರೆಯೊಂದು ನಾಣ್ಯದ ಮೇಲಿನ ರಾಣಿಯ ಕತ್ತನ್ನು ಸೀಳಿಕೊಂಡು ಕಿವಿಯವರೆಗೆ ಹೋಗಿತ್ತು.

ಅತ್ತೆ ರೈಲು ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂತು ಕೂದಲು ನೆರೆಸಿಕೊಂಡವರು. ಚಿಲ್ಲರೆಯಲ್ಲಿ ವಿಚಿತ್ರವಾದದ್ದು ಕಂಡರೆ ತಮ್ಮ ಕಾಸು ಹಾಕಿ ಬದಲಿಸಿಕೊಂಡು ಮನೆಗೆ ತಂದು ಪೆಟ್ಟಿಗೆಯೊಂದರಲ್ಲಿ ಕೂಡಿಟ್ಟವರು. ಆ ಪೆಟ್ಟಿಗೆಯನ್ನು ಹೆತ್ತ ಮಗನೂ ಮುಟ್ಟುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅತ್ತೆ ಇವಳೊಡನೆ ಅಳೆದು ತೂಗಿಯೇ ಮಾತಾಡಿದ್ದು. ಒಂದು ಒಳ್ಳೆ ಮಾತು ಬರಲೆಂದು ಧೂಳು ಒರೆಸಲು ಹೋಗಿ ಇವಳು ಕೈ ಸುಟ್ಟುಕೊಂಡಿದ್ದಳು.

ಅತ್ತೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಬರುವುದರೊಳಗೆ ಏನಾದರೂ ಮಾಡಿಸೋಣವೆಂದು ಅವಳು ಅತ್ತೆ ಆಗಾಗ ಹೋಗುತ್ತಿದ್ದ ಹಳೆ ನಾಣ್ಯದಂಗಡಿಗೆ ಓಡಿದಳು.

“ಬೀಳಿಸಿಬಿಟ್ಟೆ. ಸೀಳಿಹೋಗಿದೆ. ಹೇಗಾದ್ರೂ ಮುಚ್ಚೋಕಾಗುತ್ತಾ?”

ಅಂಗಡಿಯವನು ನಾಣ್ಯದ ಅಂಚು ಹಿಡಿದು ದೀಪದಡಿ ಓರೆಯಾಗಿಸಿ, ಭೂತಗನ್ನಡಿಯನ್ನು ಅವಳ ಕಡೆ ತಳ್ಳಿದ. “ನೀವೇ ನೋಡಿ. ಗೆರೆ ತಗ್ಗಾಗಿದೆಯೋ, ಉಬ್ಬಿದೆಯೋ?”

ಅವಳು ಬಗ್ಗಿ ನೋಡಿದಳು. ರಾಣಿಯ ಕತ್ತಿನ ಮೇಲೆ ದಾರದೆಳೆಯಂಥ ಏರು, ಅದರ ಪಕ್ಕದಲ್ಲೇ ಸಣ್ಣ ನೆರಳು. “ಉಬ್ಬಿದೆ.”

“ಬಿದ್ದು ಗೀರಾದ್ರೆ ತಗ್ಗು ಬೀಳುತ್ತೆ. ಇದು ಟಂಕಸಾಲೆಯಲ್ಲಿ ನಾಣ್ಯ ಒತ್ತೋ ಅಚ್ಚೇ ಬಿರುಕು ಬಿಟ್ಟಿದ್ದು. ಒತ್ತಿದಾಗ ಲೋಹ ಆ ಬಿರುಕಿಗೂ ನುಗ್ಗಿದೆ. ಹುಟ್ಟಿನಿಂದ ಬಂದ ಮಚ್ಚೆ ಇದ್ದ ಹಾಗೆ. ನಿಮ್ಮತ್ತೆ ಇದನ್ನ ಇಟ್ಕೊಂಡಿರೋದೇ ಅದಕ್ಕೆ. ನೆಟ್ಟಗಿರೋ ನಾಣ್ಯ ಅವರಿಗೆ ಸೇರಲ್ಲಮ್ಮ.”

ಹೋದ ಜೀವ ಬಂದಂತಾಯಿತು. ಅವಳು ಸ್ಟೂಲಿನ ಮೇಲೆ ಕುಸಿದು ಕೂತು, ನಗುತ್ತಲೇ ಕಣ್ಣೊರೆಸಿಕೊಂಡಳು.

“ಯಾವುದು ನನಗೆ ಸೇರಲ್ವಂತೆ?”

ಬಾಗಿಲಲ್ಲಿ ಅತ್ತೆ. ಡಾಕ್ಟರಲ್ಲಿಂದ ಮನೆಗೆ ಹೋಗುವ ದಾರಿಯಲ್ಲಿ ಎಂದಿನಂತೆ ಅಂಗಡಿಗೆ ಬಂದಿದ್ದರು. ಡಾಕ್ಟರು ಹಾಕಿದ ಹನಿಗೆ ಕಣ್ಣು ನೀರಾಡಿ ಮಬ್ಬಾಗಿತ್ತು. ಸುಮ್ಮನಿದ್ದಿದ್ದರೆ ಅವರಿಗೇನೂ ಕಾಣುತ್ತಿರಲಿಲ್ಲ. ಸೊಸೆ ಎದ್ದು ನಿಂತಳು.

“ಅತ್ತೆ, ಒರೆಸೋಕೆ ಹೋಗಿ ನಿಮ್ಮ ನಾಣ್ಯ ಬೀಳಿಸಿದೆ. ಹೆದರಿ ಇಲ್ಲಿಗೆ ತಂದೆ.”

ಅತ್ತೆ ಕೈ ಚಾಚಿದರು. ನಾಣ್ಯವನ್ನು ಬೆರಳ ನಡುವೆ ಹಿಡಿದು ಅಂಚಿನ ಸುತ್ತ ಹೆಬ್ಬೆರಳಾಡಿಸಿದರು. ಒಂದು ಕಡೆ ಹೆಬ್ಬೆರಳು ನಿಂತಿತು.

“ಇಲ್ಲೊಂದು ಚೂರು ನೆಗ್ಗಿದೆ.”

ಅಂಗಡಿಯವನು ಬಗ್ಗಿ ನೋಡಿ ತುಟಿ ಕಚ್ಚಿದ. ಹೌದು, ಹೊಸ ನೆಗ್ಗು.

ಅತ್ತೆ ಅಲ್ಲೇ ಇನ್ನೊಮ್ಮೆ ಸವರಿದರು. “ಬಿರುಕು ಟಂಕಸಾಲೆದು,” ಎಂದರು. “ನೆಗ್ಗು ನಮ್ಮನೇದು. ಇರ್ಲಿ ಬಿಡು.”

“ಬೆಲೆ ಸ್ವಲ್ಪ ಇಳಿಯುತ್ತೆ,” ಎಂದ ಅಂಗಡಿಯವನು.

“ಮಾರೋರಿಗೆ ತಾನೇ ಆ ಚಿಂತೆ? ನಡಿಯೇ, ಹೊಟ್ಟೆ ಹಸೀತಿದೆ.”

ಹೊರಗಿನ ಬಿಸಿಲಿಗೆ ಕಣ್ಣು ಬಿಡಲಾಗದೆ ಅತ್ತೆ ಅವಳ ತೋಳು ಹಿಡಿದರು. ಟಿಕೆಟ್ ಕಿಟಕಿಗೆ ಆ ನಾಣ್ಯ ತಂದ ಕುಡುಕನ ಕಥೆ ಶುರುವಾಯಿತು. ಅವನಿಗೆ ಯಾವ ಊರಿಗೆ ಹೋಗಬೇಕೆಂದೇ ಗೊತ್ತಿರಲಿಲ್ಲವಂತೆ.

“ಮೆಟ್ಟಿಲು, ಅತ್ತೆ.”

“ಹೂಂ,” ಎಂದು ಕಣ್ಣು ಮುಚ್ಚಿಕೊಂಡೇ ಕಾಲಿಟ್ಟು, ಅತ್ತೆ ಕಥೆ ಮುಂದುವರಿಸಿದರು.