ಭುಜದೆತ್ತರದ ಸೌದೆ

ಏಪ್ರಿಲ್‌ನಲ್ಲಿ ಒಡ್ವರ್ ಎಂದಿನಂತೆ ಒಂದು ಲೋಡು ಬರ್ಚ್ ಮರ ತರಿಸಿದಾಗ ಅವನ ಹೆಂಡತಿ ಗುಡ್ನಿಗೆ ಹೋದ ಜೀವ ಬಂದಂತಾಯಿತು. ಆ ಕಣಿವೆಯಲ್ಲಿ ಈ ವಸಂತದಲ್ಲಿ ಸೀಳಿದ ಸೌದೆಯನ್ನು ಬರುವ ಚಳಿಗಾಲಕ್ಕೆ ಯಾರೂ ಉರಿಸುವುದಿಲ್ಲ. ಅದು ಅದರಾಚೆಯ ಚಳಿಗಾಲಕ್ಕೆ. ಅಷ್ಟು ದೂರದ ಬೆಂಕಿಗೆ ಸೌದೆ ಕೂಡಿಡುವ ಗಂಡಸು ಬದುಕುವ ಮನಸ್ಸು ಮಾಡಿದ್ದಾನೆ ಎಂದೇ ಅವಳು ತಿಳಿದುಕೊಂಡಳು.

ಬಾಯಿಬಿಟ್ಟು ಮಾತ್ರ ಕೇಳಲಿಲ್ಲ. ಅವನ ರಕ್ತದ ಕ್ಯಾನ್ಸರ್ ಫೆಬ್ರವರಿಯಲ್ಲಿ ಮತ್ತೆ ತಲೆಯೆತ್ತಿತ್ತು. ಹೊಸದೊಂದು ಔಷಧಿ ಇದೆ, ಹಿಂದಿನದಕ್ಕಿಂತ ಕಠಿಣ, ಮನೆಗೆ ಹೋಗಿ ಯೋಚಿಸಿ ಎಂದು ಡಾಕ್ಟರ್ ಹೇಳಿ ಕಳಿಸಿದ್ದರು. ಮೇ ತಿಂಗಳಲ್ಲಿ ಮುಂದಿನ ಭೇಟಿ. ಅಂದು ಉತ್ತರ ಕೊಡಬೇಕು. ಯಾರು ಕೇಳಿದರೂ ಒಡ್ವರ್ ನೋಡೋಣ ಎನ್ನುತ್ತಿದ್ದ. ಆ ಒಂದು ಮಾತಿನ ಮೇಲೆ ಕಾಲಿಡಲು ಗುಡ್ನಿಗೆ ಭಯ. ಏಪ್ರಿಲ್ ಕೊನೆಯ ಕೆರೆಯ ಮಂಜುಗಡ್ಡೆಯ ಹಾಗೆ, ಎಲ್ಲಿ ಗಟ್ಟಿ ಎಲ್ಲಿ ಪೊಳ್ಳು ಎಂದು ಗೊತ್ತಾಗದು. ಹಾಗಾಗಿ ಅವಳು ನೋಡುತ್ತಿದ್ದಳು. ಬೂಟು ಹಾಕಿಕೊಳ್ಳಲು ಅವನು ಮೆಟ್ಟಿಲ ಮೇಲೆ ಕೂರುವುದನ್ನು, ಎದ್ದ ಮೇಲೆ ಬಾಗಿಲ ಚೌಕಟ್ಟು ಹಿಡಿದು ಒಂದು ಗಳಿಗೆ ನಿಲ್ಲುವುದನ್ನು, ಆಲೂಗಡ್ಡೆಯನ್ನು ತಟ್ಟೆಯಲ್ಲೇ ಚೂರು ಮಾಡಿ ತಿಂದಂತೆ ತೋರಿಸುವುದನ್ನು.

ಮೇ ಹದಿನೇಳು ಆ ದೇಶದ ರಾಷ್ಟ್ರೀಯ ದಿನ, ಅಂದಿನ ಮಕ್ಕಳ ಮೆರವಣಿಗೆ ಅವರ ಮನೆಯ ಮುಂದೆಯೇ ಹೋಗುತ್ತದೆ. ಅಷ್ಟರೊಳಗೆ ಸೌದೆಯ ಒಟ್ಟಿಲು ಮುಗಿದಿರಬೇಕು, ಗೆರೆ ಎಳೆದಂತೆ ನಿಂತಿರಬೇಕು. ಸೊಟ್ಟ ಒಟ್ಟಿಲು ಕಂಡರೆ ಊರು ಬಾಯಿಂದ ಏನೂ ಅನ್ನುವುದಿಲ್ಲ, ನಡಿಗೆ ಸ್ವಲ್ಪ ನಿಧಾನ ಮಾಡುತ್ತದೆ, ಅಷ್ಟೆ. ಬೆಳಿಗ್ಗೆ ಗುಡ್ನಿ ಲೈಬ್ರರಿಯ ಕೆಲಸಕ್ಕೆ ಹೋದಾಗ ಒಡ್ವರ್ ಸೀಳಿ ಒಟ್ಟುತ್ತಿದ್ದ. ಸಾಯಂಕಾಲ ಊಟವಾಗಿ ಅವನು ಮಲಗಿದ ಮೇಲೆ ಅವಳು ಸದ್ದಾಗದ ಹಾಗೆ ಹೋಗಿ, ಅವನಿಗೆ ಅಷ್ಟಾದರೂ ಭಾರ ತಪ್ಪಲಿ ಎಂದು, ಕೊನೆಯ ಭಾಗಕ್ಕೆ ಒಂದೆರಡು ಸಾಲು ಸೇರಿಸಿ ಬರುತ್ತಿದ್ದಳು. ಸೌದೆ ರಾಶಿ ಕರಗುವುದು ಅವನಿಗೆ ಕಾಣದೆ ಇರಲಿಲ್ಲ.

ಭೇಟಿಯ ಹಿಂದಿನ ದಿನ ಪಕ್ಕದ ಮನೆಯ ಓಸೆ ಅಚ್ಚಿನ ಕಾವಲಿಯಿಂದ ಆಗಷ್ಟೇ ತೆಗೆದ ವಾಫೆಲ್ ಎಂಬ ಸಿಹಿ ದೋಸೆ ತಂದುಕೊಟ್ಟಳು. ಬೇಲಿಯ ಹತ್ತಿರ ನಿಂತು ಒಟ್ಟಿಲನ್ನು ಮೇಲಿಂದ ಕೆಳಗೆ ನೋಡಿದಳು.

"ಏನೇ ಇದು, ಈ ವರ್ಷ ಕುಳ್ಳರಿಗೆ ಒಟ್ಟಿದ್ದಾನಾ ನಿನ್ನ ಗಂಡ? ಯಾವಾಗ್ಲೂ ಸೂರು ಮುಟ್ಟಿಸ್ತಿದ್ದ."

ನಗುತ್ತಾ ಹೋದಳು. ಗುಡ್ನಿ ಅಲ್ಲೇ ನಿಂತಳು. ಒಟ್ಟಿಲು ಸರಿಯಾಗಿ ಅವಳ ಭುಜದ ಮಟ್ಟಕ್ಕೆ ಮುಗಿದಿತ್ತು. ಎತ್ತರಕ್ಕೆ ಏರುವ ಬದಲು ಉದ್ದಕ್ಕೆ ಹೋಗಿ, ಗೋಡೆಯ ಮೂಲೆ ಸುತ್ತಿ, ಅಡಿಗೆಮನೆ ಬಾಗಿಲಿನವರೆಗೂ ಬಂದಿತ್ತು. ಬಾಗಿಲ ಬಳಿಯ ಸೀಳುಗಳು ಉಳಿದವಕ್ಕಿಂತ ತೆಳು. ಒಂದನ್ನು ತೆಗೆದು ನೋಡಿದಳು. ಅವಳ ಒಂದು ಕೈ ಹಿಡಿತಕ್ಕೆ ಸರಿಯಾಗಿ ಕೂತಿತು. ಒಡ್ವರನ ಅಂಗೈಗೆ ಅದು ಕಡ್ಡಿ.

ಅದರಾಚೆಯ ಚಳಿಗಾಲ, ಹೌದು. ಆದರೆ ಅವನ ಆ ಲೆಕ್ಕದಲ್ಲಿ ಅವನೇ ಇರಲಿಲ್ಲ.

ಅವಳು ಆ ಸೀಳನ್ನು ಕಂಕುಳಲ್ಲಿ ಇರುಕಿಕೊಂಡೇ ಒಳಗೆ ಹೋಗಿ ವಾಫೆಲ್ ಮೇಲೆ ಬಟ್ಟೆ ಮುಚ್ಚಿದಳು. ಕೇಳಬೇಕು, ಇವತ್ತೇ ಕೇಳಬೇಕು ಎಂದುಕೊಳ್ಳುತ್ತಲೇ ಕಾಫಿಗೆ ನೀರಿಟ್ಟಳು. ನೀರು ಕುದಿಯುವ ಮೊದಲೇ ಹೊರಗೆ ಗಾಡಿಯಿಂದ ಕಲ್ಲು ಸುರಿದಂಥ ಸದ್ದಾಯಿತು. ಓಡಿ ಬಂದಳು. ಅವನ ಸಾಲುಗಳಿಗೆ ಅವಳು ಕದ್ದು ಸೇರಿಸಿದ್ದು ಎಲ್ಲಿ ಕೂಡಿತ್ತೋ ಅಲ್ಲಿಯೇ ಒಟ್ಟಿಲು ಹೊಟ್ಟೆಯುಬ್ಬಿ ಕುಸಿದಿತ್ತು. ಒಡ್ವರ್ ಕಾಲುಚೀಲದಲ್ಲೇ ಎದ್ದು ಬಂದು ನಿಂತಿದ್ದ.

"ನನ್ನ ಕೈ ಗುಣ," ಅಂದಳು ಗುಡ್ನಿ. "ಸಾಯಂಕಾಲ ನಾನು ಒಟ್ಟಿದ್ದು ಇದು."

"ಗೊತ್ತು. ನೀನು ತೊಗಟೆ ಎಲ್ಲಾ ಕೆಳಗೆ ಮಾಡಿ ಇಟ್ಟಿದ್ದೆ. ಅದು ಮೇಲಿರ್ಬೇಕು, ಮಳೆನೀರು ಜಾರೋಕೆ."

"ಗೊತ್ತಿದ್ದೂ ಸುಮ್ನಿದ್ಯಾ?"

"ನೀನು ಅಷ್ಟು ಕಷ್ಟಪಟ್ಟು ಕದ್ದು ಮಾಡ್ತಿದ್ದೆ. ಯಾಕೆ ಕೆಡಿಸಲಿ ಅಂತ."

ಇನ್ನೊಂದು ದಿನವಾಗಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದರು. ಗುಡ್ನಿಯ ಕಂಕುಳಲ್ಲಿ ಆ ತೆಳು ಸೀಳು ಇನ್ನೂ ಇತ್ತು. ಅದನ್ನು ಅವನ ಮುಂದೆ ಹಿಡಿದಳು.

"ನನ್ನ ಭುಜಕ್ಕೆ ಅಳತೆ ಇಟ್ಟು ಒಟ್ಟಿದ್ದೀಯ, ನನ್ನ ಕೈಗೆ ಅಳತೆ ಇಟ್ಟು ಸೀಳಿದ್ದೀಯ. ಔಷಧಿ ಬೇಡ ಅಂತ ತೀರ್ಮಾನ ಆಗೋಯ್ತಾ?"

ಒಡ್ವರ್ ಸೌದೆ ಸೀಳುವ ಕೊರಡಿನ ಮೇಲೆ ಕೂತ. ಆಮೇಲೆ ನಿಧಾನವಾಗಿ ಹೇಳತೊಡಗಿದ. ಕಳೆದ ಸಲ ತಾನು ವಾಂತಿ ಮಾಡಿಕೊಂಡು ಬಿದ್ದಿರುತ್ತಿದ್ದಾಗ ಅವಳು ಗೋಡೆಯ ಆಚೆ ಬಟ್ಟೆ ಮಡಚುವ ಸದ್ದು ಕೇಳುತ್ತಿತ್ತಂತೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳಂತೆ. ತನಗೆ ಔಷಧಿಯ ಭಯ ಅಷ್ಟಿಲ್ಲ, ಆ ಸದ್ದಿನ ಭಯ ಎಂದ.

"ನಿನ್ನನ್ನ ಇನ್ನೊಂದು ಸಲ ಹಾಗೆ ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ."

"ನನ್ನ ಕೇಳಿದ್ಯಾ?"

"ನೀನು ಕೇಳಿದ್ಯಾ ನನ್ನ?"

ಇಲ್ಲ. ಅವಳೂ ಕೇಳಿರಲಿಲ್ಲ. ಅವಳು ಅವನ ಬೂಟುಗಳನ್ನು ತಂದುಕೊಟ್ಟಳು. ಅವನು ಹಾಕಿಕೊಳ್ಳುವಾಗ ಈ ಸಲ ದೂರದಿಂದ ನೋಡುತ್ತ ನಿಲ್ಲದೆ, ಮಂಡಿಯೂರಿ ಲೇಸು ಕಟ್ಟಿದಳು. ಅವನು ಇನ್ನೊಂದು ಕಾಲನ್ನೂ ಮುಂದೆ ಚಾಚಿದ.

ಬಿದ್ದದ್ದನ್ನು ಇಬ್ಬರೂ ಸೇರಿ ಒಟ್ಟಿದರು. ಅವಳು ಒಂದೊಂದಾಗಿ ಎತ್ತಿಕೊಟ್ಟಳು, ಅವನು ತಿರುಗಿಸಿ ನೋಡಿ ಕೂರಿಸಿದ. ಉಸಿರು ಸಿಕ್ಕದಿದ್ದಾಗ ಬಾಯಿಬಿಟ್ಟು ಹೇಳಿ ಕೂತ. ಅವಳು ಕಾಫಿ ತಂದಳು. ಗೋಡೆಯಾಚೆ ಬಟ್ಟೆ ಮಡಚುವುದಕ್ಕಿಂತ ಕೋಣೆಯೊಳಗೆ ಬಕೆಟ್ ಹಿಡಿಯುವುದೇ ತನಗೆ ಸುಲಭವಾಗಿರುತ್ತಿತ್ತು, ಆದರೆ ನೀನೇ ಬಾಗಿಲು ಹಾಕಿಕೊಳ್ಳುತ್ತಿದ್ದೆ ಎಂದು ಹೇಳಿದಳು. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿಸಿಕೊಂಡ.

ಬೆಳಕು ಇನ್ನೂ ಚೆನ್ನಾಗಿತ್ತು. ಸಾಲು ಅವಳ ಭುಜಕ್ಕೆ ಬಂದಾಗ ಒಡ್ವರ್ ಕೈ ಒರೆಸಿಕೊಂಡ. ಗುಡ್ನಿ ಇನ್ನೊಂದು ಸೀಳು ಚಾಚಿ ನಿಂತಳು.

"ಇದರ ಮೇಲೆ ನಿನಗೆ ಎಟುಕಲ್ಲ."

"ಅದಕ್ಕೇ ಕೊಡ್ತಿರೋದು."

ಅವನು ಅವಳನ್ನೇ ನೋಡಿದ. ಸೀಳು ತೆಗೆದುಕೊಂಡ, ಆದರೆ ಇಡಲಿಲ್ಲ.

"ನಾಳೆ ಡಾಕ್ಟರ ಹತ್ರ ಒಳಗೇ ಬಾ. ಹೊರಗೆ ಕೂರ್ಬೇಡ. ಏನೇನಾಗುತ್ತೆ ಅಂತ ಇಬ್ರೂ ಕೇಳೋಣ, ಆಮೇಲೆ ಹೇಳ್ತೀನಿ." ಸ್ವಲ್ಪ ತಡೆದು ಅಂದ, "ಮೇಲಿನ ಸೌದೆ ತೆಗೆಯೋಕೆ ಒಂದು ಸ್ಟೂಲೂ ಇಟ್ಕೊಂಡಿರು, ಗುಡ್ನಿ."

ಈ ಸಲ ಅವಳು ಕೇಳಿಸದವಳಂತೆ ನಟಿಸಲಿಲ್ಲ.

"ಇಟ್ಕೋತೀನಿ," ಅಂದಳು. "ಮೊದಲು ಅದನ್ನ ಇಡು. ತೊಗಟೆ ಮೇಲೆ ಮಾಡಿ."